ಕೊಡುವ ಮುಂಚೆ ಒಂದು ಮಾತು ಕೇಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಷ್ಟದಲ್ಲಿರುವ ಮನುಷ್ಯರಿಗೆ, ಪ್ರಾಣಿಗಳಿಗೆ ಏನಾದರೂ ಮಾಡಬೇಕು ಅಂತ ಬಹಳ ಜನರಿಗೆ ಆಸೆ ಇರುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ಕೆಲವು ವರ್ಷಗಳಿಂದ ಬಿಡುವು ಸಿಕ್ಕಾಗಲೆಲ್ಲ ನಾನು ಇಂಥ ಕೆಲಸಕ್ಕೆ ಕೈಹಾಕುತ್ತಾ ಬಂದಿದ್ದೇನೆ, ತಪ್ಪುಗಳನ್ನೂ ಬೇಕಾದಷ್ಟು ಮಾಡಿದ್ದೇನೆ. ಗೆಳೆಯರು, ನೆಂಟರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಕೆಲವಕ್ಕೆ ಉದ್ದದ ಉತ್ತರ ಇದೆ, ಕೆಲವಕ್ಕೆ ನಾಲ್ಕೇ ಸಾಲು.

ನನ್ನ ಸಂಪಾದನೆ ಅಷ್ಟಕ್ಕಷ್ಟೇ. ನಾನು ಕೊಡೋ ಚಿಲ್ಲರೆ ಹಣದಿಂದ ಯಾರಿಗೆ ಏನಾಗಬೇಕು?

ಒಂದು ಪ್ರಾಣಿ ಆಶ್ರಯವನ್ನೋ ವೃದ್ಧಾಶ್ರಮವನ್ನೋ ನಡೆಸುವವರನ್ನು ಕೇಳಿ ನೋಡಿ. ಅವರಿಗೆ ನಿದ್ದೆಗೆಡಿಸುವುದು ತಿಂಗಳು ತಿಂಗಳು ಬರುವ ಖರ್ಚು. ಬಾಡಿಗೆ, ಕರೆಂಟು, ಔಷಧಿ, ಕೆಲಸದವರ ಸಂಬಳ. ವರ್ಷಕ್ಕೊಮ್ಮೆ ಯಾರೋ ಒಬ್ಬರು ದೊಡ್ಡ ಮೊತ್ತ ಕೊಟ್ಟರೆ ಖುಷಿಯೇ. ಆದರೆ ಮುಂದಿನ ತಿಂಗಳು ಇಷ್ಟು ಬಂದೇ ಬರುತ್ತದೆ ಅಂತ ಗೊತ್ತಿದ್ದರೆ ಅವರು ಲೆಕ್ಕ ಹಾಕಿಕೊಂಡು ಬದುಕಬಹುದು. ಆದ್ದರಿಂದ ಸಣ್ಣ ಮೊತ್ತವನ್ನೇ ತಪ್ಪದೆ ಕೊಡಿ. ಒಂದೇ ಸಂಸ್ಥೆ ಸಾಕು.

ಇನ್ನೊಂದು ಸಂಗತಿ. 2008ರಲ್ಲಿ ಮನಃಶಾಸ್ತ್ರದ ಸಂಶೋಧಕಿ ಎಲಿಜಬೆತ್ ಡನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕೆಲವರ ಕೈಗೆ ಬೆಳಿಗ್ಗೆ 5 ಡಾಲರ್, ಕೆಲವರ ಕೈಗೆ 20 ಡಾಲರ್ ಕೊಟ್ಟು, ಸಂಜೆಯೊಳಗೆ ಖರ್ಚು ಮಾಡಿ ಅಂದರು. ಅರ್ಧ ಜನ ತಮಗಾಗಿ, ಅರ್ಧ ಜನ ಬೇರೆಯವರಿಗಾಗಿ. ಸಂಜೆ ಹೆಚ್ಚು ಖುಷಿಯಾಗಿದ್ದವರು ಬೇರೆಯವರಿಗಾಗಿ ಖರ್ಚು ಮಾಡಿದವರು. 5 ಆದರೂ ಒಂದೇ, 20 ಆದರೂ ಒಂದೇ.

ಮನೆ ತುಂಬ ಹಳೆ ಬಟ್ಟೆ ಇದೆ. ಕೊಟ್ಟುಬಿಡಲಾ?

ಈ ವಿಷಯದಲ್ಲಿ ನನಗೆ ಒಳ್ಳೆ ಪಾಠ ಆಗಿದೆ. ಮೊದಲ ಸಲ ಒಂದು ಆಶ್ರಯಕ್ಕೆ ಹೋದಾಗ ಎರಡು ದೊಡ್ಡ ಚೀಲ ಬಟ್ಟೆ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು ಚೀಲ ಬಿಚ್ಚಿ ಎರಡು ನಿಮಿಷ ಕೆದಕಿದರು. "ಇದರಲ್ಲಿ ನೀವು ಹಾಕಿಕೊಳ್ಳೋದು ಯಾವುದಿದೆ ಹೇಳಿ" ಅಂದರು. ಒಂದೂ ಇರಲಿಲ್ಲ. ಕಿತ್ತುಹೋದ ಜಿಪ್ಪು, ಕಾಲರ್ ಹತ್ತಿರ ಸವೆದ ಅಂಗಿ, ಗುಂಡಿ ಇಲ್ಲದ ಕೋಟು. ನಾನು ಕಸ ಸಾಗಿಸಲು ಬಂದಿದ್ದೆ, ಅದಕ್ಕೆ ದಾನ ಅಂತ ಹೆಸರಿಟ್ಟಿದ್ದೆ, ಅಷ್ಟೇ.

ಆವತ್ತಿನಿಂದ ಬಟ್ಟೆ ಕೊಡುವಾಗ ಇದೊಂದನ್ನೇ ಕೇಳಿಕೊಳ್ಳುತ್ತೇನೆ. ಇದನ್ನು ನನ್ನ ಗೆಳೆಯನಿಗೆ ಕೊಡಲು ನಾಚಿಕೆ ಆಗುತ್ತಾ? ಆಗುವುದಿದ್ದರೆ ಬೇಡ. ಒಗೆದು, ಒಣಗಿಸಿ, ಗುಂಡಿ ಹಾಕಿ, ಅಳತೆ ಬರೆದು ಕೊಡಿ. ಮಕ್ಕಳದ್ದು ಬೇರೆ, ದೊಡ್ಡವರದ್ದು ಬೇರೆ ಮಾಡಿದರೆ ಅಲ್ಲಿಯವರಿಗೆ ಅರ್ಧ ದಿನದ ಕೆಲಸ ಉಳಿಯುತ್ತದೆ. ಚಪ್ಪಲಿ, ಶೂಗಳನ್ನು ಜೋಡಿ ಕಟ್ಟಿ. ಒಂಟಿ ಶೂ ಯಾರಿಗೆ ಬೇಕು?

ಒಳಉಡುಪು, ಸಾಕ್ಸು, ಮುಟ್ಟಿನ ಪ್ಯಾಡು ಯಾರಿಗೂ ನೆನಪಾಗುವುದಿಲ್ಲ. ಹಳೆಯದನ್ನು ಕೊಡುವಂತಿಲ್ಲ, ಹೊಸದು ತರಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಬೀದಿಯಲ್ಲಿ ಇರುವವರಿಗೆ ಒಣ ಸಾಕ್ಸು ಅಂದರೆ ಸಣ್ಣ ವಿಷಯ ಅಲ್ಲ. ದಿನಗಟ್ಟಲೆ ಒದ್ದೆಯಾಗಿದ್ದರೆ ಕಾಲಿನ ಚರ್ಮ ಕೊಳೆಯಲು ಶುರುವಾಗುತ್ತದೆ.

ಹರಿದ ಟವೆಲ್, ಬೆಡ್‌ಶೀಟ್, ಹಳೆ ಪೇಪರ್ ಎಸೆಯಬೇಡಿ. ಅವನ್ನು ಪ್ರಾಣಿ ಆಶ್ರಯದವರು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ನಾಯಿ ಒರೆಸಲು, ಗೂಡಿಗೆ ಹಾಸಲು ದಿನಾ ಬೇಕು. ಹತ್ತಿ ತುಂಬಿದ ದಿಂಬು ಮಾತ್ರ ಕೇಳಿ ಕೊಡಿ. ನಾಯಿ ಅದನ್ನು ಹರಿದು ಹತ್ತಿ ನುಂಗುವ ಭಯ ಇರುತ್ತದೆ.

ಪ್ರವಾಹ, ಭೂಕಂಪ ಆದಾಗ ಸಾಮಾನು ಕಳಿಸಲಾ, ದುಡ್ಡು ಕಳಿಸಲಾ?

ದುಡ್ಡು. ಇದರಲ್ಲಿ ನನಗೆ ಎರಡು ಮಾತಿಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದ ಮೇಲೆ ಸಮುದ್ರ ದಡದ ಊರುಗಳಿಗೆ ಜಗತ್ತಿನ ಎಲ್ಲ ಕಡೆಯಿಂದ ಬಟ್ಟೆ ಬಂದು ಬಿತ್ತು. ವಿಂಗಡಿಸಲು ಜನ ಇಲ್ಲ, ಇಡಲು ಜಾಗ ಇಲ್ಲ. ಸೆಕೆಯ ಊರಿಗೆ ಉಣ್ಣೆ ಬಟ್ಟೆ. ರಾಶಿಗಟ್ಟಲೆ ಬಟ್ಟೆ ಹಾಗೇ ಕೊಳೆಯಿತು. ಕಳಿಸಿದವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಲಾರಿ, ವಿಮಾನ, ಗೋದಾಮು ಎಲ್ಲ ಆ ರಾಶಿಗೆ ಸಿಕ್ಕಿಬಿದ್ದರೆ, ನಿಜವಾಗಿ ಬೇಕಾದ ಔಷಧಿ ಮತ್ತು ಕುಡಿಯುವ ನೀರು ತಡವಾಗುತ್ತದೆ. ದುಡ್ಡಾದರೆ ಇವತ್ತು ಟಾರ್ಪಾಲ್ ಆಗುತ್ತದೆ, ನಾಳೆ ಹಾಲಿನ ಪುಡಿ ಆಗುತ್ತದೆ. ಅಕ್ಕಪಕ್ಕದ ಊರಿನ ಅಂಗಡಿಯಲ್ಲೇ ಕೊಂಡರೆ ಅಲ್ಲಿನ ವ್ಯಾಪಾರವೂ ಎದ್ದು ನಿಲ್ಲುತ್ತದೆ.

ಮನೆಯಲ್ಲಿ ಉಳಿದ ಮಾತ್ರೆಗಳನ್ನಂತೂ ಕಳಿಸಲೇಬೇಡಿ. ಔಷಧಿ ದಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನಿಯಮಗಳನ್ನೇ ಮಾಡಿದೆ. ಒಬ್ಬ ರೋಗಿಗೆ ಕೊಟ್ಟು ಉಳಿದದ್ದನ್ನು ಇನ್ನೊಬ್ಬರಿಗೆ ದಾನ ಮಾಡಬಾರದು. ಔಷಧಿ ತಲುಪುವ ಹೊತ್ತಿಗೆ ಇನ್ನೂ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು.

ಆಮೇಲೆ ಒಂದು ವಿಷಯ. ಮೊದಲ ವಾರ ಎಲ್ಲರೂ ಕೊಡುತ್ತಾರೆ. ಆರು ತಿಂಗಳ ನಂತರ, ಟಿವಿಯವರು ಮರೆತ ಮೇಲೆ, ಮನೆ ಕಟ್ಟಿಕೊಳ್ಳುವ ಕಷ್ಟ ಶುರುವಾಗುತ್ತದೆ. ಆಗ ಕೊಡುವವರು ಬಹಳ ಕಡಿಮೆ. ಫೋನಿನಲ್ಲಿ ಆರು ತಿಂಗಳಿಗೆ ಒಂದು ನೆನಪು ಇಟ್ಟುಕೊಳ್ಳಿ.

ದುಡ್ಡು ಸರಿಯಾದ ಕೈಗೆ ಹೋಗುತ್ತೆ ಅಂತ ಹೇಗೆ ನಂಬೋದು?

ಸಂಸ್ಥೆ ನೋಂದಣಿ ಆಗಿದೆಯಾ, ವರ್ಷದ ಲೆಕ್ಕಪತ್ರ ತೋರಿಸುತ್ತಾರಾ ನೋಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ. ಬರುವ ಫಾರ್ವರ್ಡ್ ಮೆಸೇಜಿನಲ್ಲಿ ಕಾಯಿಲೆ ಬಿದ್ದ ಮಗುವಿನ ಫೋಟೊ ಇದೆ ಅಂದ ಮಾತ್ರಕ್ಕೆ ಅದು ನಿಜ ಅಲ್ಲ. ಅದೇ ಫೋಟೊ ಬೇರೆ ಬೇರೆ ಹೆಸರಿನಲ್ಲಿ ವರ್ಷಗಟ್ಟಲೆ ಸುತ್ತುತ್ತಿರಬಹುದು. ಆಸ್ಪತ್ರೆಯ ಹೆಸರು ಇದ್ದರೆ ಅಲ್ಲಿಗೇ ಫೋನ್ ಮಾಡಿ. ನಂಬರನ್ನು ಮೆಸೇಜಿನಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿಕೊಳ್ಳಿ. "ಈಗಲೇ, ಇನ್ನು ಹತ್ತು ನಿಮಿಷದಲ್ಲಿ" ಅಂತ ಅವಸರ ಮಾಡಿದರೆ ಅನುಮಾನ ಪಡಿ.

ಹಾಗಂತ ಆಡಳಿತದ ಖರ್ಚು ಇರಲೇಬಾರದು ಅಂತ ಹಟ ಹಿಡಿಯುವುದೂ ಸರಿಯಲ್ಲ. ಲೆಕ್ಕ ಬರೆಯುವವರಿಗೂ ಸಂಬಳ ಬೇಕು. ಲೆಕ್ಕವೇ ಬರೆಯದ ಸಂಸ್ಥೆ ನಿಮಗೆ ಬೇಕಾ?

ಸಮಾರಂಭದಲ್ಲಿ ಊಟ ಉಳಿಯಿತು. ಹಂಚಬಹುದಾ?

ಹಂಚಬಹುದು, ಗಡಿಯಾರ ನೋಡಿಕೊಂಡು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಬೇಯಿಸಿದ ಊಟ ಎರಡು ಗಂಟೆಗಿಂತ ಜಾಸ್ತಿ ಹೊರಗೇ ಇದ್ದರೆ ಅದನ್ನು ಯಾರಿಗೂ ಕೊಡಬೇಡಿ. ಹಸಿದವರ ಹೊಟ್ಟೆ ಕೆಟ್ಟರೆ ಆಸ್ಪತ್ರೆಗೆ ಹೋಗಲು ಅವರ ಹತ್ತಿರ ದುಡ್ಡೂ ಇರುವುದಿಲ್ಲ. ಎಲೆಯಲ್ಲಿ, ತಟ್ಟೆಯಲ್ಲಿ ಬಿಟ್ಟದ್ದು ಬೇಡವೇ ಬೇಡ. ಪಾತ್ರೆಯಲ್ಲಿ ಉಳಿದದ್ದು ಮಾತ್ರ. ಸಮಾರಂಭ ಇದೆ ಅಂತ ಗೊತ್ತಿದ್ದರೆ, ಉಳಿದ ಊಟ ಒಯ್ಯುವವರಿಗೆ ಹಿಂದಿನ ದಿನವೇ ಹೇಳಿಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಅವರಾದರೂ ಏನು ಮಾಡಿಯಾರು?

ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದ ಪ್ರಕಾರ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಹೆಚ್ಚಿನ ಪಾಲು ಹೋಟೆಲಿನದ್ದಲ್ಲ, ಮನೆಗಳದ್ದು. ಅಂಗಡಿಗಳು ಎಸೆಯುವ ಒಳ್ಳೆ ಪದಾರ್ಥವನ್ನು ಒಂದು ಕಡೆ ಸೇರಿಸಿ ಹಂಚುವ ಫುಡ್ ಬ್ಯಾಂಕ್ ಶುರುವಾಗಿದ್ದು 1967ರಲ್ಲಿ, ಅಮೆರಿಕದ ಫೀನಿಕ್ಸ್‌ನಲ್ಲಿ, ಜಾನ್ ವ್ಯಾನ್ ಹೆಂಗಲ್ ಎಂಬುವರಿಂದ. ಇಂಥ ಕಡೆ ಕೊಡುವಾಗ ಬೇಗ ಕೆಡದ, ಪೊಟ್ಟಣ ಒಡೆಯದ ಪದಾರ್ಥ ಕೊಡಿ. ಅವಧಿ ಮುಗಿಯಲು ಎರಡು ದಿನ ಇರುವುದನ್ನು ಕಪಾಟಿನಿಂದ ಹುಡುಕಿ ತೆಗೆದು ಕೊಡುವುದು ಬೇಡ.

ರಸ್ತೆಯಲ್ಲಿ ಕೈಚಾಚಿದವರಿಗೆ ದುಡ್ಡು ಕೊಡಬೇಕಾ, ಬೇಡವಾ?

ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಮಕ್ಕಳ ಕೈಗೆ ನಾನು ದುಡ್ಡು ಕೊಡುವುದಿಲ್ಲ. ಅದು ಮಗುವನ್ನು ಶಾಲೆಗಲ್ಲ, ಮತ್ತೆ ರಸ್ತೆಗೇ ಕಳಿಸುತ್ತದೆ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ದೊಡ್ಡವರಿಗೆ ಕೆಲವೊಮ್ಮೆ ಕೊಡುತ್ತೇನೆ, ಕೊಟ್ಟ ಮೇಲೆ ಅದರ ಲೆಕ್ಕ ಕೇಳುವುದಿಲ್ಲ. ಕೊಡದಿದ್ದರೂ ಮುಖ ನೋಡಿ "ಇಲ್ಲಪ್ಪ" ಅಂತ ಹೇಳುತ್ತೇನೆ. ಕಂಬವನ್ನು ದಾಟಿದ ಹಾಗೆ ದಾಟಿಕೊಂಡು ಹೋಗುವುದು ಸರಿ ಅನ್ನಿಸುವುದಿಲ್ಲ.

ರಕ್ತ ಕೊಡಲು ಭಯ. ಸುಸ್ತಾಗುತ್ತಾ? ನೋವಾಗುತ್ತಾ?

ಸೂಜಿ ಚುಚ್ಚುವಾಗ ಒಂದು ಕ್ಷಣ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅದಾದ ಮೇಲೆ ಸುಮ್ನೆ ಮಲಗಿರುವುದು, ಸುಮಾರು ಹತ್ತು ನಿಮಿಷ. ದೊಡ್ಡವರ ಮೈಯಲ್ಲಿ 5 ಲೀಟರ್ ಹತ್ತಿರ ರಕ್ತ ಇರುತ್ತದೆ. ತೆಗೆದುಕೊಳ್ಳುವುದು 350ರಿಂದ 470 ಮಿಲಿಲೀಟರ್. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ರಕ್ತಕಣಗಳಿಗೆ ಕೆಲವು ವಾರ ಬೇಕು. ಅದಕ್ಕೇ ಎರಡು ದಾನಗಳ ನಡುವೆ ಎರಡರಿಂದ ನಾಲ್ಕು ತಿಂಗಳ ಅಂತರ ಇಡುತ್ತಾರೆ. ದೇಶದಿಂದ ದೇಶಕ್ಕೆ ನಿಯಮ ಬೇರೆ. ವಯಸ್ಸು, ತೂಕ, ಹಿಮೋಗ್ಲೋಬಿನ್ ಎಲ್ಲ ಅವರೇ ನೋಡಿ ಹೇಳುತ್ತಾರೆ. ಹೊಟ್ಟೆ ತುಂಬ ಊಟ ಮಾಡಿ, ಚೆನ್ನಾಗಿ ನೀರು ಕುಡಿದು ಹೋಗಿ. ಆ ದಿನ ಭಾರ ಎತ್ತಬೇಡಿ.

ಯಾರಾದರೂ ಗೊತ್ತಿರುವವರಿಗೆ ಬೇಕಾದಾಗ ಕೊಡೋಣ ಅಂತ ಕಾಯಬೇಡಿ. ಕೆಂಪು ರಕ್ತಕಣವನ್ನು ತಂಪಿನಲ್ಲಿ ಸುಮಾರು 42 ದಿನ ಇಡಬಹುದು. ಪ್ಲೇಟ್‌ಲೆಟ್ ಬಾಳುವುದು 5ರಿಂದ 7 ದಿನ ಅಷ್ಟೇ. ಅಪಘಾತ ಆದವರಿಗೆ ಏರಿಸುವುದು ಮೊದಲೇ ಯಾರೋ ಕೊಟ್ಟು, ಪರೀಕ್ಷೆ ಆಗಿ, ಫ್ರಿಜ್ಜಿನಲ್ಲಿ ಸಿದ್ಧವಾಗಿರುವ ರಕ್ತ. ನಿಮ್ಮದು ಓ ನೆಗೆಟಿವ್ ಆಗಿದ್ದರೆ ಇನ್ನೂ ಒಳ್ಳೆಯದು. ಗುಂಪು ಪರೀಕ್ಷಿಸಲೂ ಸಮಯ ಇಲ್ಲದಾಗ ಆ ಕೆಂಪು ರಕ್ತಕಣಗಳನ್ನೇ ಕೊಡುತ್ತಾರೆ.

ಸೂಜಿ ಕಂಡರೆ ಆಗದವರಿಗೆ ನಾನು ಹೇಳುವುದು ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಕಥೆ. ಹದಿನಾಲ್ಕನೇ ವಯಸ್ಸಿನಲ್ಲಿ ಆಪರೇಷನ್ ಆದಾಗ ಬೇರೆಯವರ ರಕ್ತದಿಂದ ಬದುಕಿದ ಹುಡುಗ. 1954ರಲ್ಲಿ, 18 ತುಂಬಿದಾಗ ತಾನೂ ಕೊಡಲು ಶುರು ಮಾಡಿದರು. ಅವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನಂಶದಲ್ಲಿ, ಒಂದು ಅಪರೂಪದ ಪ್ರತಿಕಾಯ (ಆಂಟಿಬಾಡಿ) ಇತ್ತು. ಆರ್‌ಎಚ್ ನೆಗೆಟಿವ್, ಅಂದರೆ ರಕ್ತದ ಗುಂಪು ನೆಗೆಟಿವ್ ಇರುವ ತಾಯಂದಿರ ಹೊಟ್ಟೆಯಲ್ಲಿರುವ ಮಗುವನ್ನು ಕಾಪಾಡುವ ಔಷಧಿ ಅದರಿಂದ ತಯಾರಾಗುತ್ತಿತ್ತು. 2018ರವರೆಗೆ 1,173 ಸಲ ಕೊಟ್ಟರು. ಸುಮಾರು 24 ಲಕ್ಷ ಮಕ್ಕಳಿಗೆ ಅದರಿಂದ ಸಹಾಯ ಆಯಿತು ಅಂತ ಅಂದಾಜು. ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಸೂಜಿ ಅಂದರೆ ಆಗುತ್ತಿರಲಿಲ್ಲವಂತೆ! ಚುಚ್ಚುವಾಗ ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ.

ನನ್ನ ರಕ್ತ ಬೇಡ ಅಂದರು. ಬೇರೆ ಏನಾದರೂ ಕೊಡಬಹುದಾ?

ಕೊಡಬಹುದು. ಕಣ್ಣು ದಾನಕ್ಕೆ ಹೆಸರು ಬರೆಸಿ. ತೆಗೆದುಕೊಳ್ಳುವುದು ಮುಖ್ಯವಾಗಿ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾವನ್ನು. ಅದನ್ನು ಮನುಷ್ಯನಿಗೆ ಜೋಡಿಸುವ ಕೆಲಸ ಮೊದಲು ಯಶಸ್ವಿಯಾಗಿದ್ದು 1905ರಲ್ಲಿ. ಕನ್ನಡಕ ಹಾಕುವವರೂ, ಪೊರೆಯ ಆಪರೇಷನ್ ಆದವರೂ ಕೊಡಬಹುದು. ಸತ್ತ ಮೇಲೆ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಆದ್ದರಿಂದ ಫಾರಂ ತುಂಬಿದ್ದಕ್ಕಿಂತ ಮನೆಯವರಿಗೆ ಹೇಳಿಟ್ಟದ್ದು ಮುಖ್ಯ. ಫೋನ್ ಮಾಡುವವರು ಅವರೇ ತಾನೇ?

ಕೂದಲು ಉದ್ದ ಇದ್ದರೆ ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ವಿಗ್ಗಿಗೆ ಕೊಡಬಹುದು. ಸಾಮಾನ್ಯವಾಗಿ 30 ಸೆಂಟಿಮೀಟರ್ ಹತ್ತಿರ ಕೇಳುತ್ತಾರೆ. ಕತ್ತರಿಸುವ ಮೊದಲೇ ಅವರ ನಿಯಮ ಓದಿ. ಎದೆಹಾಲು ಜಾಸ್ತಿ ಇರುವ ತಾಯಂದಿರು ಹಾಲಿನ ಬ್ಯಾಂಕಿಗೆ ಕೊಡಬಹುದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಅದು ಔಷಧಿಯಿದ್ದ ಹಾಗೆ. ಮೊದಲ ಹಾಲಿನ ಬ್ಯಾಂಕ್ 1909ರಲ್ಲೇ ವಿಯೆನ್ನಾದಲ್ಲಿ ಶುರುವಾಗಿತ್ತು. ಪರೀಕ್ಷೆ ಇಲ್ಲದೆ ನೇರವಾಗಿ ಮಗುವಿಗೆ ಕೊಡುವುದು ಬೇಡ, ಬ್ಯಾಂಕಿನ ಮೂಲಕವೇ ಆಗಲಿ.

ದುಡ್ಡೂ ಇಲ್ಲ, ಮನೆ ಬಿಟ್ಟು ಹೋಗಲೂ ಆಗಲ್ಲ.

ಫೋನ್ ಇದೆಯಲ್ಲ? ಬಿ ಮೈ ಐಸ್ ಅಂತ ಒಂದು ಆಪ್ ಇದೆ, 2015ರಿಂದ. ಕಣ್ಣು ಕಾಣದವರು ವಿಡಿಯೊ ಕರೆ ಮಾಡುತ್ತಾರೆ, ನೀವು ನೋಡಿ ಹೇಳಬೇಕು. ಈ ಅಂಗಿಯ ಬಣ್ಣ ಯಾವುದು, ಈ ಡಬ್ಬಿಯ ತಾರೀಕು ಎಷ್ಟು, ಅಷ್ಟೇ. ಎರಡು ನಿಮಿಷದ ಕೆಲಸ. ಅದನ್ನು ಶುರು ಮಾಡಿದ ಡೆನ್ಮಾರ್ಕಿನ ಹಾನ್ಸ್ ವೀಬರ್ಗ್ ಅವರಿಗೇ ದೃಷ್ಟಿ ಕಡಿಮೆ. ಓದುವ ದನಿ ಚೆನ್ನಾಗಿದ್ದರೆ ಲಿಬ್ರಿವಾಕ್ಸ್ ಅನ್ನೋ ಜಾಲತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಓದಿ ಧ್ವನಿ ಕೊಡಬಹುದು.

ಭೂಪಟ ಬಿಡಿಸುವುದೂ ಒಂದು ಸಹಾಯವೇ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿಯ ಸರಿಯಾದ ನಕ್ಷೆ ಇರಲಿಲ್ಲ. ಜಗತ್ತಿನ ಎಲ್ಲೆಲ್ಲೋ ಮನೆಯಲ್ಲಿ ಕೂತವರು ಉಪಗ್ರಹದ ಚಿತ್ರ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಭೂಪಟದಲ್ಲಿ ರಸ್ತೆ, ಕಟ್ಟಡಗಳನ್ನು ಗುರುತು ಮಾಡಿದರು. ಅದನ್ನು ಹಿಡಿದುಕೊಂಡು ರಕ್ಷಣೆಯವರು ಓಡಾಡಿದರು.

ಹಕ್ಕಿಗಳಿಗೆ ನೀರಿಟ್ಟರೆ ಸಾಕಾ?

ನೀರಿಡುವುದು ಸುಲಭ, ದಿನಾ ಬದಲಿಸುವುದು ಕಷ್ಟ. ಅಗಲವಾದ, ಆಳ ಇಲ್ಲದ ತಟ್ಟೆ ಇಡಿ. ನೀರು ಎರಡರಿಂದ ಐದು ಸೆಂಟಿಮೀಟರ್ ಇದ್ದರೆ ಸಾಕು. ನಡುವೆ ಒಂದೆರಡು ಕಲ್ಲು ಹಾಕಿ. ಸಣ್ಣ ಹಕ್ಕಿಗೂ, ಜೇನುನೊಣಕ್ಕೂ ಕಾಲಿಡಲು ಜಾಗ ಬೇಕಲ್ಲ. ಬೆಚ್ಚಗಿನ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆ ಆಗಲು ವಾರ, ಹತ್ತು ದಿನ ಸಾಕು. ದಿನಾ ಚೆಲ್ಲಿ ತಟ್ಟೆ ಉಜ್ಜಿದರೆ ಆ ತೊಂದರೆ ಇಲ್ಲ. ಉಜ್ಜದೆ ಬಿಟ್ಟ ತಟ್ಟೆಯಿಂದ ರೋಗ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದ ಫಿಂಚ್ ಅನ್ನೋ ಸಣ್ಣ ಹಕ್ಕಿಗಳು ಒಂದು ಗಂಟಲು ರೋಗದಿಂದ ಬಹಳ ಸತ್ತವು. ಒಂದೇ ಕಡೆ ಗುಂಪಾಗಿ ತಿಂದು ಕುಡಿಯುವುದರಿಂದ ಅದು ಹರಡುತ್ತದೆ. ಉಜ್ಜಲು ಆಗುವುದಿಲ್ಲ ಅನ್ನಿಸಿದರೆ ಇಡದಿರುವುದೇ ವಾಸಿ.

ಬ್ರೆಡ್ಡು ಹಾಕಬೇಡಿ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಉಪ್ಪು ಹಾಕಿದ್ದು, ಕರಿದದ್ದು ಬೇಡ. ಕಾಳು ಸಾಕು.

ಮರಿಹಕ್ಕಿ ಕೆಳಗೆ ಬಿದ್ದಿದೆ. ಮನೆಗೆ ತರಲಾ?

ತರಬೇಡಿ, ಮೊದಲು ದೂರ ನಿಂತು ನೋಡಿ. ಪುಕ್ಕ ಬಂದಿದ್ದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ತಾಯಿ ಹತ್ತಿರದಲ್ಲೇ ಇರುತ್ತದೆ, ನೀವು ಹೋಗಲಿ ಅಂತ ಕಾಯುತ್ತಿರುತ್ತದೆ. ಇದು ತಿಳಿಯದೆ ನಾನು ಒಂದು ಮರಿಯನ್ನು ಡಬ್ಬಿಯಲ್ಲಿಟ್ಟು ಮನೆಗೆ ತಂದಿದ್ದೆ. ಎರಡೇ ದಿನ ಬದುಕಿತು. ಈಗಲೂ ಬೇಜಾರಾಗುತ್ತದೆ.

ಮೈಮೇಲೆ ಪುಕ್ಕ ಇಲ್ಲದ ಎಳೆಮರಿ ಆದರೆ ಗೂಡಿಗೆ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನೋದು ಸುಳ್ಳು. ಬೆಕ್ಕು ಕಚ್ಚಿದ್ದರೆ, ರೆಕ್ಕೆ ಜೋತಿದ್ದರೆ ಮಾತ್ರ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲು ಮಾಡಿ, ಪಶುವೈದ್ಯರ ಹತ್ತಿರ ಹೋಗಿ. ಬಾಯಿಗೆ ನೀರು ಹನಿಸಬೇಡಿ, ಉಸಿರಿನ ಕೊಳವೆಗೆ ಹೋಗುತ್ತದೆ.

ಬೀದಿ ನಾಯಿ, ಬೆಕ್ಕಿಗೆ ಏನು ಹಾಕಬಾರದು?

ನಾಯಿಗೆ ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ವಿಷ. ಬೇಯಿಸಿದ ಮೂಳೆ ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಚಿತ್ರದಲ್ಲಿ ಬೆಕ್ಕು ಹಾಲು ಕುಡಿಯುವುದನ್ನು ನೋಡಿ ನೋಡಿ ನಮಗೆ ಹಾಗೆ ಅನ್ನಿಸಿದೆ, ಅಷ್ಟೇ. ನೀರು ಕೊಡಿ.

ಬರೀ ಊಟ ಹಾಕುವುದರಿಂದ ಕಷ್ಟ ತೀರುವುದಿಲ್ಲ. ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆಗೆ ಒಂದು ನಾಯಿಯ ಖರ್ಚು ಹೊತ್ತರೆ ಅದು ತಿಂಗಳ ಊಟಕ್ಕಿಂತ ದೊಡ್ಡದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ. ಲಕ್ಷಣ ಕಂಡ ಮೇಲೆ ರೇಬಿಸ್‌ಗೆ ಔಷಧಿ ಇಲ್ಲ. ಪಾಪದ ನಾಯಿ, ಚಿಕ್ಕ ಗಾಯ ಅಂತ ಬಿಡಬೇಡಿ.

ಪ್ರಾಣಿ ಇಷ್ಟ, ಆದರೆ ಸಾಕಲು ಆಗಲ್ಲ.

ಆಶ್ರಯಕ್ಕೆ ಹೋಗಿ ವಾರಕ್ಕೊಂದು ಗಂಟೆ ನಾಯಿ ಸುತ್ತಾಡಿಸಿ. ಹೊಸ ಮನೆ ಸಿಗುವವರೆಗೆ ಒಂದನ್ನು ಕೆಲವು ವಾರ ಮನೆಯಲ್ಲಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಅವುಗಳ ಒಳ್ಳೆ ಫೋಟೊ ತೆಗೆದುಕೊಡಿ. ಫೋಟೊ ಚೆನ್ನಾಗಿದ್ದರೆ ನಾಯಿಗೆ ಬೇಗ ಮನೆ ಸಿಗುತ್ತದೆ.

ಪಕ್ಕದ ಮನೆಯಲ್ಲಿ ಸಾವಾಗಿದೆ, ಕಾಯಿಲೆ ಇದೆ. ಏನು ಮಾಡಲಿ?

"ಏನಾದ್ರೂ ಬೇಕಿದ್ರೆ ಹೇಳಿ" ಅನ್ನಬೇಡಿ. ಅವರು ಹೇಳುವುದಿಲ್ಲ. ಸಂಕಟದಲ್ಲಿರುವವರಿಗೆ ಏನು ಬೇಕು ಅಂತ ಯೋಚಿಸುವುದೂ ಒಂದು ಕೆಲಸ. "ನಾಳೆ ಮಕ್ಕಳನ್ನು ಶಾಲೆಗೆ ನಾನು ಬಿಡ್ತೀನಿ, ಎಷ್ಟು ಗಂಟೆಗೆ ಬರಲಿ?" ಅನ್ನಿ. "ಆಸ್ಪತ್ರೆಯಲ್ಲಿ ಇವತ್ತು ರಾತ್ರಿ ನಾನು ಕೂತಿರ್ತೀನಿ, ನೀವು ಮಲಗಿ" ಅನ್ನಿ. ಹೂಂ ಅಥವಾ ಬೇಡ ಅಂದರೆ ಮುಗಿಯುವ ಹಾಗಿರಬೇಕು.

ಕೊಟ್ಟದ್ದರ ಫೋಟೊ ಹಾಕಬಹುದಾ?

ಸಾಮಾನಿನ ಫೋಟೊ ಹಾಕಿ, ನಿಮ್ಮ ಫೋಟೊನೂ ಹಾಕಿ. ನೋಡಿದ ನಾಲ್ಕು ಜನ ಕೊಟ್ಟರೆ ಒಳ್ಳೆಯದೇ. ಪಡೆದವರ ಮುಖ ಬೇಡ. ಮಕ್ಕಳದ್ದಂತೂ ಬೇಡವೇ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತಿದ್ದರು. ಈಗ ಊರಿಗೆಲ್ಲ ತಿಳಿದ ಮೇಲೆ ಎಡಗೈ ಯಾವ ಲೆಕ್ಕ!

ನಾನು ತಂದದ್ದನ್ನು ಅವರು ಬೇಡ ಅಂದರೆ?

ವಾಪಸ್ ತನ್ನಿ. ಮುನಿಸಿಕೊಳ್ಳಬೇಡಿ. ಆ ಎರಡು ಚೀಲ ಬಟ್ಟೆಯ ದಿನ ನಾನು ಮುನಿಸಿಕೊಂಡು ಗೇಟಿನವರೆಗೆ ಬಂದಿದ್ದೆ. ಆಮೇಲೆ ಹಿಂದಿರುಗಿ ಹೋಗಿ "ಹಾಗಾದರೆ ಏನು ಬೇಕು?" ಅಂತ ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಬೆರಳು ಮಡಚಿ ಎಣಿಸಿದರು. ಎರಡು ಪೊರಕೆ, ಒಂದು ಉಗುರು ಕತ್ತರಿ, ಬಚ್ಚಲಿಗೆ ಬಲ್ಬು. ಹತ್ತಿರದ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದುಕೊಟ್ಟೆ. ಬಲ್ಬು ಹಾಕಲು ಸ್ಟೂಲು ಹಿಡಿದುಕೊಳ್ಳಿ ಅಂದರು, ಹಿಡಿದುಕೊಂಡೆ.